ಗರ್ಭಿಣಿಯ ಚಟಕ್ಕೆ ಬೈಗುಳ ಮದ್ದಲ್ಲ

ಕೆಲವು ವರ್ಷಗಳ ಹಿಂದಿನ ಮಾತು. ನಾಲ್ಕು ತಿಂಗಳ ಗರ್ಭಿಣಿಯೊಬ್ಬಳು ಅತ್ತೆಯೊಡನೆ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದಳು. ಕೂಲಿ ಕೆಲಸದ ಹೆಣ್ಣುಮಗಳು, ವಯಸ್ಸು 24. ನಾಲಿಗೆ ನೋಡಲು ಬಾಯಿ ತೆರೆಸಿದಾಗ ಕೆನ್ನೆಯ ಒಳಬದಿಯಲ್ಲಿ ಹೊಗೆಸೊಪ್ಪಿನ ಚೂರು ಕಂಡಿತು. ಅತ್ತೆಯ ಎದುರಿನಲ್ಲೇ ಗದರಿಸಿದೆ. "ಹೊಟ್ಟೆಯಲ್ಲಿರೋ ಮಗುವಿಗೆ ನೀನೇ ವಿಷ ಹಾಕ್ತಿದ್ದೀಯಲ್ಲಮ್ಮ" ಎಂದೆ. ಆಕೆ ತಲೆ ತಗ್ಗಿಸಿ "ಇನ್ನು ಮುಟ್ಟಲ್ಲ ಸಾರ್" ಎಂದಳು. ನನ್ನ ಕರ್ತವ್ಯ ಮುಗಿಯಿತೆಂದುಕೊಂಡೆ.

ಆಕೆ ಮತ್ತೆ ಬಂದದ್ದು ಎಂಟನೆಯ ತಿಂಗಳಿನಲ್ಲಿ, ಏದುಸಿರು ಬಿಡುತ್ತ. ರಕ್ತದಲ್ಲಿ ಹಿಮೋಗ್ಲೋಬಿನ್ 7 ಗ್ರಾಂಗೆ ಇಳಿದಿತ್ತು. ಮಗುವಿನ ಬೆಳವಣಿಗೆ ತಿಂಗಳಿಗೆ ತಕ್ಕಂತಿರಲಿಲ್ಲ. ನಡುವಿನ ನಾಲ್ಕು ತಿಂಗಳು ಎಲ್ಲಿಯೂ ತಪಾಸಣೆ ಮಾಡಿಸಿರಲಿಲ್ಲ, ಕಬ್ಬಿಣಾಂಶದ ಮಾತ್ರೆ ನುಂಗಿರಲಿಲ್ಲ. ಹೊಗೆಸೊಪ್ಪು ಮಾತ್ರ ಹಿತ್ತಲಿನ ಮರೆಯಲ್ಲಿ ಮುಂದುವರಿದಿತ್ತು. ಕಾರಣವನ್ನು ನನಗೆ ಹೇಳಲಿಲ್ಲ; ನಮ್ಮ ನರ್ಸ್ ಬಳಿ ಹೇಳಿದಳಂತೆ: "ಡಾಕ್ಟ್ರು ಎಲ್ಲಾರ ಮುಂದೆ ಬೈತಾರೆ ನರ್ಸಮ್ಮ, ಅದಕ್ಕೇ ಬರಲಿಲ್ಲ." ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಹುಟ್ಟಿದ ಮಗುವಿನ ತೂಕ 1.8 ಕಿಲೋ. ಮಗು ಉಳಿಯಿತು ಎಂಬುದೊಂದೇ ಸಮಾಧಾನ. ಅಂದು ಪಾಠ ಕಲಿತವನು ನಾನು.

ಗರ್ಭಿಣಿಯರ ಚಟದ ವಿಷಯವನ್ನು ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಮಾತನಾಡುವುದಿಲ್ಲ. ಹೆಣ್ಣುಮಕ್ಕಳಿಗೆ ಎಲ್ಲಿಯ ಚಟ ಎಂದು ಕೇಳುವವರೇ ಹೆಚ್ಚು. ಆದರೆ 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕ ಮಹಿಳೆಯರಲ್ಲಿ ಶೇ. 14.2ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಬಹುಪಾಲು ಸೇದುವುದಲ್ಲ, ಜಗಿಯುವುದು, ಹಲ್ಲಿಗೆ ಉಜ್ಜುವುದು. ನಮ್ಮ ಕಡೆ ಎಲೆ ಅಡಿಕೆಯೊಡನೆ ಹೊಗೆಸೊಪ್ಪು, ಕಡ್ಡಿಪುಡಿ, ಹಲ್ಲಿಗೆ ನಶ್ಯಪುಡಿ ಇವೆಲ್ಲ ಇದೇ ಸಾಲಿಗೆ ಸೇರುತ್ತವೆ. ಮದ್ಯ, ನಿದ್ರೆಯ ಮಾತ್ರೆ, ನೋವಿನ ಮಾತ್ರೆಗಳ ಚಟವೂ ಇಲ್ಲದಿಲ್ಲ.

ಬಿಡಲು ಏಕೆ ಆಗುವುದಿಲ್ಲ?

ಹಸಿವು ತಡೆಯಲು, ಹಲ್ಲುನೋವಿಗೆ, ಮೈಕೈ ನೋವು ಮರೆಯಲು, ಬೆಳಿಗ್ಗೆ ಹೊಟ್ಟೆ ಸಲೀಸಾಗಲು ಎಂದು ಶುರುವಾಗುವ ಅಭ್ಯಾಸ ಇದು. ಬಸುರಿಯಾದ ಮೇಲೆ "ವಾಂತಿ ನಿಲ್ಲುತ್ತದೆ" ಎಂದು ಹಿರಿಯರೇ ಕೊಡುವುದೂ ಉಂಟು. ತಂಬಾಕಿನಲ್ಲಿರುವ ನಿಕೋಟಿನ್ ಮೆದುಳಿಗೆ ತಲುಪಿ ಹಿತವಾದ ಅನುಭವ ಕೊಡುತ್ತದೆ. ದಿನ ಕಳೆದಂತೆ ಮೆದುಳು ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಆಮೇಲೆ ಹಾಕಿಕೊಳ್ಳುವುದು ಸುಖಕ್ಕಲ್ಲ, ಹಾಕದಿದ್ದರೆ ಆಗುವ ಸಂಕಟ ತಪ್ಪಿಸಿಕೊಳ್ಳಲು. ತಲೆನೋವು, ಸಿಡುಕು, ನಿದ್ರೆ ಬಾರದಿರುವುದು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು ಈ ಸಂಕಟದ ಲಕ್ಷಣಗಳು. ಆದ್ದರಿಂದ ಚಟವೆಂದರೆ ಕೆಟ್ಟ ನಡತೆಯಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಂತೆ ಚಿಕಿತ್ಸೆ ಬೇಡುವ ಒಂದು ಕಾಯಿಲೆ. ಮಗುವಿನ ಮೇಲೆ ಪ್ರೀತಿಯಿಲ್ಲದೆ ತಾಯಿ ಹೀಗೆ ಮಾಡುತ್ತಾಳೆ ಎಂದು ತಿಳಿಯುವುದು ತಪ್ಪು.

ಮಗುವಿಗೆ ಆಗುವ ತೊಂದರೆ

ನಿಕೋಟಿನ್ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ತಾಯಿಯಿಂದ ಮಾಸಿಗೆ, ಅಲ್ಲಿಂದ ಮಗುವಿಗೆ ಹೋಗಬೇಕಾದ ರಕ್ತ, ಆಮ್ಲಜನಕ ಮತ್ತು ಪೋಷಕಾಂಶಗಳು ಕಡಿಮೆಯಾಗುತ್ತವೆ. ಮುಂಬೈಯಲ್ಲಿ 1,217 ಮಹಿಳೆಯರನ್ನು ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಗೆರಹಿತ ತಂಬಾಕು ಬಳಸುವ ತಾಯಂದಿರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು. ಹೆರಿಗೆಯೂ ಸರಾಸರಿ 6 ದಿನ ಮೊದಲೇ ಆಗಿತ್ತು. 105 ಗ್ರಾಂ ಏನು ಮಹಾ ಎನ್ನಬಾರದು. ಇದು ಸರಾಸರಿಯ ಲೆಕ್ಕ. ಮೊದಲೇ ರಕ್ತಹೀನತೆಯಿಂದ ಬಳಲುವ ತಾಯಿಯ ಸಣ್ಣ ಮಗುವಿಗೆ ಅಷ್ಟೂ ದೊಡ್ಡ ನಷ್ಟವೇ. ತಂಬಾಕು ಬಳಸುವವರಲ್ಲಿ ಮಗು ಸತ್ತು ಹುಟ್ಟುವ ಅಪಾಯವೂ ಹೆಚ್ಚು. "ಸೇದುವುದಿಲ್ಲ, ಜಗಿಯುತ್ತೇನೆ ಅಷ್ಟೆ" ಎಂಬ ಸಮಾಧಾನಕ್ಕೆ ಆಧಾರವಿಲ್ಲ. ಗಂಡ ಮನೆಯೊಳಗೆ ಬೀಡಿ ಸಿಗರೇಟು ಸೇದಿದರೆ ಆ ಹೊಗೆಯೂ ಗರ್ಭಿಣಿಗೆ ಹಾನಿಕರ.

ಮದ್ಯದ ವಿಷಯ ಇನ್ನೂ ಗಂಭೀರ. ತಾಯಿ ಕುಡಿದ ಮದ್ಯ ಮಾಸನ್ನು ದಾಟಿ ನೇರವಾಗಿ ಮಗುವಿನ ರಕ್ತ ಸೇರುತ್ತದೆ. ಮಗುವಿನ ಮೆದುಳಿನ ಬೆಳವಣಿಗೆ ಕುಂಠಿತವಾಗಿ, ಮುಖಲಕ್ಷಣದಲ್ಲೂ ವ್ಯತ್ಯಾಸ ಕಾಣಬಹುದಾದ ಒಂದು ಸ್ಥಿತಿಯನ್ನು 1973ರಲ್ಲಿ ಅಮೆರಿಕದ ವೈದ್ಯರು ವಿವರಿಸಿ, ಅದಕ್ಕೆ ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಗರ್ಭಿಣಿಗೆ ಇಷ್ಟು ಮದ್ಯ ಸುರಕ್ಷಿತ ಎಂಬ ಅಳತೆ ಇಲ್ಲವೇ ಇಲ್ಲ.

ಇದರ ಜೊತೆಗೇ ಒಂದು ಸಂತೋಷದ ಸಂಗತಿಯಿದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 15 ವಾರ ತುಂಬುವ ಮೊದಲೇ ಧೂಮಪಾನ ಬಿಟ್ಟ ಗರ್ಭಿಣಿಯರಲ್ಲಿ ಅವಧಿಗೆ ಮುನ್ನ ಹೆರಿಗೆಯಾಗುವ ಪ್ರಮಾಣ, ಧೂಮಪಾನ ಮಾಡದ ಗರ್ಭಿಣಿಯರಲ್ಲಿದ್ದಷ್ಟೇ ಇತ್ತು. ಎಷ್ಟು ಬೇಗ ಬಿಟ್ಟರೆ ಅಷ್ಟು ಒಳ್ಳೆಯದು. ಏಳನೆಯ ತಿಂಗಳಿನಲ್ಲಿ ಬಿಟ್ಟರೂ ಲಾಭವೇ.

ಬೆದರಿಸಿದರೆ ಬಿಡುತ್ತಾರೆಯೇ?

ಬೈಗುಳ ಕೆಲಸ ಮಾಡದಿದ್ದರೆ ಕಾನೂನಿನ ಹೆದರಿಕೆ ಬೇಕು ಎನ್ನುವವರಿದ್ದಾರೆ. ಅದನ್ನೂ ಪರೀಕ್ಷಿಸಿ ನೋಡಿದ ದೇಶವಿದೆ. ಅಮೆರಿಕದ ಟೆನೆಸೀ ರಾಜ್ಯದಲ್ಲಿ 2014ರಲ್ಲಿ ಒಂದು ಕಾನೂನು ಬಂತು. ಗರ್ಭಿಣಿ ಮಾದಕ ವಸ್ತು ಸೇವಿಸಿ ಅದರಿಂದ ಮಗುವಿಗೆ ತೊಂದರೆಯಾದರೆ ತಾಯಿಯ ಮೇಲೆ ಹಲ್ಲೆಯ ಮೊಕದ್ದಮೆ ಹೂಡಬಹುದಿತ್ತು. ಜೈಲಿನ ಭಯದಿಂದ ಹಲವು ಗರ್ಭಿಣಿಯರು ಆಸ್ಪತ್ರೆಯನ್ನೇ ದೂರವಿಟ್ಟರು. ಎರಡು ವರ್ಷದ ಅವಧಿ ಮುಗಿದಾಗ, 2016ರಲ್ಲಿ, ಆ ಕಾನೂನನ್ನು ಅಲ್ಲಿನ ಶಾಸನಸಭೆ ಮುಂದುವರಿಸಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಪ್ರತಿಯೊಬ್ಬ ಗರ್ಭಿಣಿಯನ್ನೂ, ಪ್ರತಿ ತಪಾಸಣೆಯಲ್ಲೂ ಮದ್ಯ ಮತ್ತು ಮಾದಕ ವಸ್ತುಗಳ ಬಗ್ಗೆ ಕೇಳಬೇಕು. ಆಕೆಯನ್ನು ಕೀಳಾಗಿ ಕಾಣಬಾರದು. ಚಿಕಿತ್ಸೆಯ ತೀರ್ಮಾನದಲ್ಲಿ ಆಕೆಯ ಮಾತಿಗೆ ಬೆಲೆ ಇರಬೇಕು ಎಂಬುದು ಅದರ ಸಾರ. ಎಲ್ಲರನ್ನೂ ಕೇಳುವುದರಲ್ಲಿ ಒಂದು ಅನುಕೂಲವಿದೆ. ಯಾರಿಗೂ "ನನ್ನನ್ನೇ ಅನುಮಾನಿಸಿದರು" ಎನ್ನಿಸುವುದಿಲ್ಲ.

ಕೇಳುವ ಬಗೆ, ಬಿಡಿಸುವ ಬಗೆ

ನಾನು ಈಗ ಗರ್ಭಿಣಿಯೊಡನೆ ಮಾತನಾಡುವಾಗ ನರ್ಸ್ ಒಬ್ಬರನ್ನು ಜೊತೆಯಲ್ಲಿರಿಸಿಕೊಂಡು, ಮನೆಯವರನ್ನು ಐದು ನಿಮಿಷ ಹೊರಗೆ ಕೂರಲು ಹೇಳುತ್ತೇನೆ. "ಹೊಗೆಸೊಪ್ಪು ಹಾಕ್ತೀಯಾ?" ಎಂದರೆ "ಇಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. "ಊಟ ಆದ ಮೇಲೆ ಎಲೆ ಅಡಿಕೆ ಅಭ್ಯಾಸ ಉಂಟಾ ತಾಯಿ? ಜೊತೆಗೆ ಏನೇನು ಹಾಕ್ಕೊಳ್ತೀರಿ?" ಎಂದರೆ ನಿಜ ಹೊರಬರುತ್ತದೆ. ಹೇಳಿದ್ದಕ್ಕೆ ಮೊದಲು "ಹೇಳಿದ್ದು ಒಳ್ಳೇದಾಯ್ತು" ಎನ್ನಬೇಕು. ಆಕೆಯ ಒಪ್ಪಿಗೆಯಿಲ್ಲದೆ ಮನೆಯವರಿಗೆ ತಿಳಿಸಬಾರದು.

ತಂಬಾಕು ಬಿಡುವವರಿಗೆ ಈ ಕ್ರಮಗಳು ನೆರವಾಗುತ್ತವೆ:

1. ಬಿಡುವ ದಿನವನ್ನು ಆಕೆಯೇ ಗೊತ್ತುಮಾಡಿಕೊಳ್ಳಲಿ. ಅಂದು ಮನೆಯಲ್ಲಿರುವ ಪೊಟ್ಟಣ, ಡಬ್ಬಿಗಳನ್ನು ಎಸೆಯಲಿ.

2. ಮೊದಲ ಎರಡು ಮೂರು ದಿನ ಸಂಕಟ ಹೆಚ್ಚು. ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗುತ್ತದೆ. ಇದು ಮೊದಲೇ ತಿಳಿದಿದ್ದರೆ ಧೈರ್ಯ ಉಳಿಯುತ್ತದೆ.

3. ಆಸೆ ಬಂದಾಗ ಹತ್ತು ನಿಮಿಷ ಮುಂದೂಡಲಿ. ಅಷ್ಟರಲ್ಲಿ ನೀರು ಕುಡಿಯುವುದು, ಯಾರೊಡನಾದರೂ ಮಾತಾಡುವುದು, ನಾಲ್ಕು ಹೆಜ್ಜೆ ಓಡಾಡುವುದು ಸಹಾಯಕ.

4. ಬಾಯಿಗೆ ಸೋಂಪು, ಒಂದು ಏಲಕ್ಕಿ ಅಥವಾ ನೆಲ್ಲಿಕಾಯಿಯ ಚೂರು ಇರಲಿ. ಬರೀ ಅಡಿಕೆ ಪರವಾಗಿಲ್ಲ ಎಂದು ತಿಳಿಯಬಾರದು. ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಗುರುತಿಸಿದೆ.

5. ನಿಕೋಟಿನ್ ಚೂಯಿಂಗ್ ಗಮ್ ಮುಂತಾದವನ್ನು ಗರ್ಭಿಣಿಯರು ತಾವಾಗಿ ಅಂಗಡಿಯಿಂದ ತಂದು ಬಳಸಬಾರದು. ಬೇಕೇ ಬೇಡವೇ ಎಂಬುದನ್ನು ವೈದ್ಯರು ನಿರ್ಧರಿಸಲಿ.

6. ನಡುವೆ ಒಮ್ಮೆ ತಪ್ಪಿದರೆ ಎಲ್ಲವೂ ಮುಗಿಯಿತೆಂದಲ್ಲ. ಮರುದಿನದಿಂದ ಮತ್ತೆ ಆರಂಭಿಸಬೇಕು.

ಥಟ್ಟನೆ ನಿಲ್ಲಿಸಬಾರದ ಚಟಗಳು

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ತಂಬಾಕನ್ನು ಯಾವಾಗ ಬೇಕಾದರೂ ಒಮ್ಮೆಗೇ ನಿಲ್ಲಿಸಬಹುದು. ಆದರೆ ಪ್ರತಿದಿನ ಹೆಚ್ಚು ಮದ್ಯ ಕುಡಿಯುವ ಗರ್ಭಿಣಿಯನ್ನು ಕೋಣೆಯಲ್ಲಿ ಕೂಡಿಹಾಕಿ ನಿಲ್ಲಿಸುವುದು ಅಪಾಯ. ಕೈಕಾಲು ನಡುಕ, ಬೆವರು ಶುರುವಾಗಿ, ಎರಡು ದಿನಗಳೊಳಗೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು. ತಾಯಿ, ಮಗು ಇಬ್ಬರ ಪ್ರಾಣಕ್ಕೂ ಕುತ್ತು. ಇಂಥವರನ್ನು ಆಸ್ಪತ್ರೆಗೆ ಸೇರಿಸಿ, ಔಷಧದ ಆಸರೆಯಲ್ಲಿ, ಥಯಾಮಿನ್ ಎಂಬ ಜೀವಸತ್ವವನ್ನೂ ಕೊಟ್ಟು ಬಿಡಿಸಬೇಕು.

ಬಹುಕಾಲದಿಂದ ನಿದ್ರೆಯ ಮಾತ್ರೆ ನುಂಗುತ್ತಿರುವವರಿಗೂ ಇದೇ ಎಚ್ಚರಿಕೆ. ಅಫೀಮಿನ ಜಾತಿಗೆ ಸೇರಿದ ನೋವಿನ ಮಾತ್ರೆ, ಕೆಮ್ಮಿನ ಔಷಧ, ಹೆರಾಯಿನ್ ಮುಂತಾದವುಗಳ ಚಟವಿದ್ದರೆ ಒಮ್ಮೆಲೇ ನಿಲ್ಲಿಸುವುದರಿಂದ ಗರ್ಭಕ್ಕೆ ಧಕ್ಕೆಯಾಗಿ ಅವಧಿಗೆ ಮುನ್ನ ಹೆರಿಗೆಯಾಗುವ ಭಯವಿದೆ. ಇವರಿಗೆ ತಜ್ಞರು ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್ ಎಂಬ ಔಷಧವನ್ನು ಅಳತೆಯಲ್ಲಿ ಕೊಡುತ್ತಾರೆ. "ಒಂದು ಚಟ ಬಿಡಿಸಲು ಇನ್ನೊಂದು ಚಟವೇ?" ಎಂದು ಮನೆಯವರು ಇದನ್ನು ಅರ್ಧಕ್ಕೇ ನಿಲ್ಲಿಸಬಾರದು. ತಾಯಿ, ಮಗು ಇಬ್ಬರನ್ನೂ ಏರುಪೇರಿಲ್ಲದ ಸ್ಥಿತಿಯಲ್ಲಿ ಇಡುವ ಚಿಕಿತ್ಸೆ ಅದು.

ಹೆರಿಗೆಯ ನಂತರ

ಇಂಥ ತಾಯಿಯ ಮಗು ಹುಟ್ಟಿದ ಕೆಲವು ದಿನ ಕೀರಲು ದನಿಯಲ್ಲಿ ಅಳಬಹುದು, ನಡುಗಬಹುದು, ಹಾಲು ಸರಿಯಾಗಿ ಕುಡಿಯದಿರಬಹುದು. ಇದಕ್ಕೆ ಚಿಕಿತ್ಸೆಯಿದೆ. ಮಂದ ಬೆಳಕು, ಗದ್ದಲವಿಲ್ಲದ ಕೋಣೆ, ತಾಯಿಯ ಮಡಿಲಿನ ಬಿಸುಪು ಮೊದಲ ಮದ್ದು. ಬೇಕಾದರೆ ಆಮೇಲೆ ಔಷಧ. ಆದ್ದರಿಂದ ಶಿಕ್ಷೆಯೆಂಬಂತೆ ಮಗುವನ್ನು ತಾಯಿಯಿಂದ ಬೇರ್ಪಡಿಸಬಾರದು.

ತಂಬಾಕು ಬಿಡಲಾಗದ ತಾಯಿಯೂ ಎದೆಹಾಲು ಕೊಡಬೇಕು. ಹಾಲುಣಿಸುವ ಮುಂಚೆ ಮಾತ್ರ ತಂಬಾಕು ಬೇಡ. ಮದ್ಯ ಅಥವಾ ಬೇರೆ ಮಾದಕ ವಸ್ತು ಸೇವಿಸುವವರು ವೈದ್ಯರನ್ನು ಕೇಳಿಯೇ ಮುಂದುವರಿಯಲಿ. ಕೆಲವು ಮನೆಗಳಲ್ಲಿ ಶೀತವಾಗದಿರಲೆಂದು ಬಾಣಂತಿಗೆ ಬ್ರಾಂದಿ ಕುಡಿಸುವುದುಂಟು. ಅದು ಹಾಲಿನೊಡನೆ ಮಗುವಿಗೂ ಹೋಗುತ್ತದೆ, ಖಂಡಿತ ಬೇಡ. ಗರ್ಭಿಣಿಯಾಗಿದ್ದಾಗ ಬಿಟ್ಟವರಲ್ಲಿ ಹಲವರು ಬಾಣಂತನದಲ್ಲಿ ಮತ್ತೆ ಆರಂಭಿಸುತ್ತಾರೆ. ನಿದ್ರೆಗೆಟ್ಟ ಆ ದಿನಗಳಲ್ಲಿ ಮನೆಯವರು ಮಗುವನ್ನು ಒಂದಿಷ್ಟು ಹೊತ್ತು ನೋಡಿಕೊಂಡು ಆಕೆಗೆ ವಿಶ್ರಾಂತಿ ಕೊಟ್ಟರೆ ಅದೇ ದೊಡ್ಡ ಉಪಕಾರ.

ನೆರವು ಎಲ್ಲಿ?

ಮೊದಲು ನಿಮ್ಮೂರಿನ ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಂತೆ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆಯನ್ನು ವೈದ್ಯರೇ ಉಚಿತವಾಗಿ ಮಾಡುತ್ತಾರೆ. ಜಿಲ್ಲಾ ಆಸ್ಪತ್ರೆಗಳ ಮನೋರೋಗ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರಗಳಲ್ಲಿ ತಜ್ಞರಿದ್ದಾರೆ. ದೂರವಾಣಿಯಲ್ಲಾದರೆ ತಂಬಾಕಿಗೆ 1800-11-2356 (ತಂಬಾಕಿನ ಪೊಟ್ಟಣದ ಮೇಲೂ ಈ ಸಂಖ್ಯೆ ಇರುತ್ತದೆ), ಇತರ ಮಾದಕ ವಸ್ತುಗಳಿಗೆ 14446, ಮನಸ್ಸಿನ ತೊಳಲಾಟಕ್ಕೆ ಟೆಲಿ ಮನಸ್ 14416. ಎಲ್ಲವೂ ಉಚಿತ.

ಆರಂಭದಲ್ಲಿ ಹೇಳಿದ ಆ ತಾಯಿ ಎರಡನೆಯ ಬಾರಿ ಗರ್ಭಿಣಿಯಾದಾಗ ಮೂರನೆಯ ತಿಂಗಳಿನಲ್ಲೇ ಬಂದಳು. ಕರೆತಂದವರು ನಮ್ಮ ನರ್ಸ್. ಈ ಸಲ ನಾನು ಬೈಯಲಿಲ್ಲ, ದಿನಕ್ಕೆ ಎಷ್ಟು ಸಲ ಎಂದು ಕೇಳಿದೆ. "ಎಂಟು ಸಲ ಸಾರ್" ಎಂದಳು. ಐದು ವಾರ ಹಿಡಿಯಿತು. ನಡುವೆ ಎರಡು ಸಲ ತಪ್ಪಿದಳು. ಎರಡು ಸಲವೂ ತಾನೇ ಬಂದು ಹೇಳಿದಳು. ಅತ್ತೆಯೂ ಸೊಸೆಯ ಎದುರು ಎಲೆ ಅಡಿಕೆ ಚೀಲ ಬಿಚ್ಚುವುದನ್ನು ನಿಲ್ಲಿಸಿದರು. ದಿನ ತುಂಬಿ ಹುಟ್ಟಿದ ಮಗುವಿನ ತೂಕ 2.7 ಕಿಲೋ. ಹೊಗೆಸೊಪ್ಪು ಬಿಟ್ಟದ್ದೊಂದರಿಂದಲೇ ಹೀಗಾಯಿತೆಂದು ನಾನು ಹೇಳಲಾರೆ. ತಪಾಸಣೆ, ಮಾತ್ರೆ, ಊಟ ಎಲ್ಲವೂ ಸೇರಿದ್ದವು. ಆದರೆ ಆಕೆ ಹೆದರದೆ ನಮ್ಮ ಬಾಗಿಲಿಗೆ ಬಂದದ್ದರಿಂದಲೇ ಅವೆಲ್ಲ ಸಾಧ್ಯವಾದವು. ನಿಮ್ಮ ಮನೆಯಲ್ಲೂ ಅಂಥ ಗರ್ಭಿಣಿಯಿದ್ದರೆ ಇಂದು ಆಕೆಯನ್ನು ಗದರಿಸಬೇಡಿ. ಪಕ್ಕದಲ್ಲಿ ಕುಳಿತು ವಿಚಾರಿಸಿ, ನಾಳೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ.