ಹಿನ್ನೀರಿನ ದಡದಲ್ಲಿ ಕಲಿತ ನಡಿಗೆ

ಇಂಡಿ, ಸಿಂದಗಿಗಳ ಕಡೆಯ ಭೀಮಾತೀರದಲ್ಲಿ ಬಾಲ್ಯವನ್ನು ಕಳೆದ ನನಗೆ, ಹೊಳೆಯ ದಂಡೆಯ ಮೇಲೆ ನಡೆಯುವುದನ್ನು ಯಾರಾದರೂ ಕಲಿಸಬೇಕಾದೀತೆಂಬ ಕಲ್ಪನೆಯೇ ಇರಲಿಲ್ಲ. ಆ ವಿದ್ಯೆ ದೊರೆತದ್ದು ಬಸವನ ಬಾಗೇವಾಡಿಯ ದಕ್ಷಿಣಕ್ಕೆ, 1964ರಲ್ಲಿ ಶಂಕುಸ್ಥಾಪನೆಗೈದ ಲಾಲ್ ಬಹಾದ್ದೂರ್ ಶಾಸ್ತ್ರಿಗಳ ಹೆಸರನ್ನೇ ಹೊತ್ತಿರುವ ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ.

ಮಳೆಗಾಲದಲ್ಲಿ ಸಮುದ್ರಮಟ್ಟದಿಂದ 519.60 ಮೀಟರಿನವರೆಗೆ ತುಂಬಿ ನಿಲ್ಲುವ ಕೃಷ್ಣೆಯು ಬೇಸಗೆಯಲ್ಲಿ ಮೆಲ್ಲನೆ ಹಿಂದೆ ಸರಿದು, ಮುಳುಗಿದ ಹೊಲಗಳ ಎರೆಮಣ್ಣನ್ನು ಕೆಸರಾಗಿ ಬಿಟ್ಟುಕೊಟ್ಟಾಗ, ಅಲ್ಲಿಗೆ ರಾಜಹಂಸಗಳು ಬಂದಿಳಿಯುತ್ತವೆ. ಮೊದಲ ಸಲ ನಾನು ಅವುಗಳ ಸಮೀಪಕ್ಕೆ ಆತುರದಿಂದ ನಡೆದು, ಅವು ಒಮ್ಮೆಲೇ ಹಾರಿದಾಗ ತೆರೆದ ರೆಕ್ಕೆಗಳ ಅರುಣವರ್ಣವನ್ನು ಕಂಡು ಪುಲಕಿತನಾಗಿದ್ದೆನು. ಕೊಕ್ಕನ್ನು ತಲೆಕೆಳಗಾಗಿ ಹಿಡಿದು, ಕೆಸರುನೀರನ್ನು ಸೋಸಿ ಸೂಕ್ಷ್ಮಜೀವಿಗಳನ್ನು ಆರಿಸಿ ಉಣ್ಣುವ ಆ ಪಕ್ಷಿಗಳ ಊಟವನ್ನು ನನ್ನ ಕುತೂಹಲವು ಕೆಡಿಸಿತ್ತೆಂಬುದು ಆಗ ಹೊಳೆಯಲಿಲ್ಲ.

ಮರುವರ್ಷದ ಚೈತ್ರದಲ್ಲಿ ಅದೇ ದಡದ ಒಣನೆಲದ ಮೇಲೆ ನಡೆಯುತ್ತಿರಲು, ಟಿಟ್ಟಿಭವೊಂದು ನೆತ್ತಿಯ ಮೇಲೆ ಸುತ್ತುತ್ತ ಆರ್ತವಾಗಿ ಕೂಗತೊಡಗಿತು. ದೂರದಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜನೊಬ್ಬನು ಕೈಯೆತ್ತಿ, “ತಮ್ಮಾ, ಅಲ್ಲೇ ನಿಂದರು! ಕಾಲ ಬುಡಕ ತತ್ತಿ ಅದಾವ” ಎಂದನು. ನೋಡಿದರೆ ಗೇಣುದೂರದಲ್ಲಿ, ಗೂಡೆಂಬ ಹೆಸರಿಗೂ ಸಲ್ಲದ ತಗ್ಗೊಂದರಲ್ಲಿ, ಮಣ್ಣಿನದೇ ಬಣ್ಣದ ನಾಲ್ಕು ತತ್ತಿಗಳು! “ಬಂದ ಹೆಜ್ಜ್ಯಾಗ ಹೆಜ್ಜಿ ಇಟ್ಟು ಹಿಂದಕ ಬಾ” ಎಂದನು, ಹಾಗೆಯೇ ಬಂದೆನು. ಹಕ್ಕಿ ಕೂಗಿದರೆ ಮುಂದಡಿ ಇಡಲಾಗದು. ನಾವು ಕುಳಿತರೆ ಅದು ತಾನಾಗಿ ಮರಳುವುದು. ಹಿನ್ನೀರಿನ ನೆಲವನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ಅರಿಯಬೇಕು. ನನ್ನ ಪುಸ್ತಕಗಳು ಕಲಿಸದ ಈ ಪಾಠವನ್ನು ಆತನು ಕುರಿಗಳ ಮೇಲಿನ ದೃಷ್ಟಿಯನ್ನು ಕದಲಿಸದೆಯೇ ಹೇಳಿದನು.

ಪಂಚತಂತ್ರದ ಸಮುದ್ರವು ತಾನು ಅಪಹರಿಸಿದ ಟಿಟ್ಟಿಭದ ತತ್ತಿಗಳನ್ನು ಗರುಡನ ಮೊರೆಯಿಂದ ವಿಷ್ಣುವು ಮುನಿದಾಗ ಹಿಂದಕ್ಕೆ ಕೊಟ್ಟಿತು. ಆ ಕಥೆಯನ್ನು ನಾನು ಹೇಳಲು, ಅಜ್ಜನು ಬಹಳ ಹೊತ್ತು ಸುಮ್ಮನಿದ್ದು, ಹೊಳೆಯುತ್ತಿದ್ದ ನೀರಿನ ನಡುವಿಗೆ ಕೋಲು ಚಾಚಿ, “ನಮ್ಮ ಮನಿ ಅಲ್ಲೇ ಇತ್ತು” ಎಂದನು. ನನ್ನಲ್ಲಿ ಉತ್ತರವಿರಲಿಲ್ಲ.

ಅಷ್ಟರಲ್ಲಿ ಟಿಟ್ಟಿಭವು ನೀರಿನಂಚಿಗೆ ಇಳಿದು, ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು, ಬಿಸಿಲಿಗೆ ಕಾದ ತತ್ತಿಗಳ ಮೇಲೆ ಕುಳಿತಿತು. ಅಜ್ಜನು ಕುರಿಹಿಂಡನ್ನು ಸುತ್ತುದಾರಿಯಿಂದ ಹೊಡೆದುಕೊಂಡು ಹೋದನು.