ರಸ್ತೆಜಾಲ ಮತ್ತು ಪಟ್ಟಣಗಳ ಹರಡುವಿಕೆ: ಭಟ್ಕಳ, ಹೊನ್ನಾವರ, ಕುಮಟಾ
ಊರಿನ ರಸ್ತೆಗಳು ಒಂದಕ್ಕೊಂದು ಎಷ್ಟು ಕೂಡಿಕೊಂಡಿವೆ ಎಂಬುದೇ ರಸ್ತೆಜಾಲದ ಸಂಪರ್ಕತೆ. ಅಳೆಯಲು ಒಂದು ಬಿಂದುವಿನಲ್ಲಿ ಸೇರುವ ದಾರಿಗಳನ್ನು ಎಣಿಸುತ್ತಾರೆ: ಮುಂದೆ ದಾರಿಯಿಲ್ಲದ ಓಣಿಯ ಕೊನೆಗೆ 1, ಮೂರು ದಾರಿ ಕೂಡುವಲ್ಲಿ 3, ನಾಲ್ಕು ರಸ್ತೆಯ ವೃತ್ತಕ್ಕೆ 4. ಹೊಸ ಬಡಾವಣೆಗಳಲ್ಲಿ ಈ ಎಣಿಕೆಗಳ ಸರಾಸರಿ ಇಳಿದರೆ ನಡೆದು ಹೋಗುವುದು ಕಷ್ಟವಾಗಿ ವಾಹನದ ಅವಲಂಬನೆ ಹೆಚ್ಚುತ್ತದೆ.

ಉತ್ತರ ಕನ್ನಡದ ಈ ಮೂರೂ ಪಟ್ಟಣಗಳು ರಾಷ್ಟ್ರೀಯ ಹೆದ್ದಾರಿ 66ರ (ಹಿಂದಿನ 17) ಮೇಲಿವೆ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿ. ಹಾಗಾಗಿ ಇಲ್ಲಿ ಬೆಳವಣಿಗೆ ಹೆದ್ದಾರಿಯುದ್ದಕ್ಕೂ ಪಟ್ಟಿಯಂತೆ ಚಾಚುತ್ತದೆ. ಹೊನ್ನಾವರಕ್ಕೆ ಶರಾವತಿಯೂ ಅಡ್ಡ: ದಕ್ಷಿಣ ದಂಡೆಯ ಕಾಸರಕೋಡಿಗೆ ಹೆದ್ದಾರಿ ಸೇತುವೆಯೇ ಮುಖ್ಯ ದಾರಿ. ಸಂಪರ್ಕತೆ ಹೆಚ್ಚಲು ಹೆದ್ದಾರಿ ಅಗಲವಾದರಷ್ಟೇ ಸಾಲದು, ಅದಕ್ಕೆ ಸಮಾನಾಂತರವಾದ ಒಳರಸ್ತೆಗಳೂ ಬೇಕು.