ಕಣ್ಣು ಮಂಜಾದಾಗ ರಕ್ತವನ್ನೂ ಪರೀಕ್ಷಿಸಿರಿ



ಮಳೆಗಾಲದಲ್ಲಿ ಡೆಂಗೀ ಜ್ವರ ಕಾಣಿಸಿಕೊಂಡೊಡನೆ ದಾವಣಗೆರೆ, ಹರಿಹರಗಳ ಮನೆಮನೆಯಲ್ಲಿ ‘ಪ್ಲೇಟ್‌ಲೆಟ್ ಎಷ್ಟಿದೆ?’ ಎಂಬ ಪ್ರಶ್ನೆ ಕೇಳಿಬರುತ್ತದೆ. ಅದು ಕಡಿಮೆಯಾದರೆ ಅಪಾಯವೆಂದು ಎಲ್ಲರೂ ಬಲ್ಲರು. ಅತಿಯಾಗಿ ಹೆಚ್ಚಿದರೂ ಅಪಾಯವೆಂದು ಬಲ್ಲವರು ವಿರಳ.

ಕೆಲವು ವರ್ಷಗಳ ಹಿಂದೆ ಹರಿಹರದ ತಾಯಿಯೊಬ್ಬರು ದಾವಣಗೆರೆಯ ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಪೂಜೆಗೆ ಕುಳಿತಾಗ ಅಂಗೈಯಲ್ಲಿನ ಇಷ್ಟಲಿಂಗದ ಒಂದು ಪಾರ್ಶ್ವ ಅವರಿಗೆ ಕಾಣದಾಗುತ್ತಿತ್ತು. ಕಣ್ಣ ಮುಂದೆ ಮಿಂಚಿನಂತಹ ಗೆರೆಗಳು ಹೊಳೆದು, ಹತ್ತು ನಿಮಿಷಗಳಲ್ಲಿ ದೃಷ್ಟಿ ಮರಳುತ್ತಿತ್ತು, ಬಳಿಕ ತಲೆನೋವು. ಪೂಜೆಯಲ್ಲಿ ತಮ್ಮಿಂದ ಏನೋ ಲೋಪವಾಗಿದೆಯೆಂದು ಅವರು ಕೊರಗುತ್ತಿದ್ದರು. ನಾವು ಅದನ್ನು ಅರ್ಧಾವಭೇದಕ, ಅಂದರೆ ಅರೆತಲೆನೋವು ಎಂದು ಬಗೆದು ನಸ್ಯವನ್ನೂ ಪಥ್ಯವನ್ನೂ ಸೂಚಿಸಿದೆವು. ತಿಂಗಳ ನಂತರ ಬಂದು, ಕಾಲ್ಬೆರಳುಗಳು ಕೆಂಪೇರಿ ಉರಿಯುತ್ತವೆ ಎಂದಾಗ ಸಂಶಯ ಮೂಡಿತು. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಸಂಖ್ಯೆ 9 ಲಕ್ಷ ಮೀರಿತ್ತು. ಮೊದಲ ದಿನವೇ ಆ ಪರೀಕ್ಷೆ ಮಾಡಿಸದಿದ್ದುದು ನಮ್ಮ ತಪ್ಪು.

ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ 1.5ರಿಂದ 4.5 ಲಕ್ಷ ಪ್ಲೇಟ್‌ಲೆಟ್‌ಗಳಿರುತ್ತವೆ. ಗಾಯವಾದಾಗ ರಕ್ತವನ್ನು ಹೆಪ್ಪುಗಟ್ಟಿಸುವುದು ಇವುಗಳ ಕಾರ್ಯ. ಸೋಂಕು, ಕಬ್ಬಿಣಾಂಶದ ಕೊರತೆಗಳಿಂದಲೂ ಇವು ಹೆಚ್ಚಬಹುದು. ಕೆಲವರಲ್ಲಿ ಮಾತ್ರ ಅಸ್ಥಿಮಜ್ಜೆಯೇ ಮಿತಿಮೀರಿ ಇವುಗಳನ್ನು ಉತ್ಪಾದಿಸುತ್ತದೆ. ಇದಕ್ಕೆ ಎಸೆನ್ಷಿಯಲ್ ಥ್ರಾಂಬೊಸೈಥೀಮಿಯಾ ಎಂದು ಹೆಸರು. ಇಂತಹ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಕಂಡುಬರುವ ಜೀನ್ ಬದಲಾವಣೆಯೊಂದು 2005ರಲ್ಲಿ ಪತ್ತೆಯಾಯಿತು. ಹೆಚ್ಚಾದ ಪ್ಲೇಟ್‌ಲೆಟ್‌ಗಳು ಸೂಕ್ಷ್ಮ ರಕ್ತನಾಳಗಳಲ್ಲಿ ಗುಂಪುಗೂಡಿದಾಗ ಮಿದುಳಿಗೂ ಕಣ್ಣಿಗೂ ರಕ್ತ ಕ್ಷಣಕಾಲ ಸಾಲದಾಗುತ್ತದೆ. ತಲೆಸುತ್ತು, ದೃಷ್ಟಿ ಮಸುಕು, ಮಾತಿನ ತೊದಲು, ಕೈಕಾಲು ಜೋಮು ಇದರ ಲಕ್ಷಣಗಳು. ತಾನಾಗಿ ಶಮನವಾಯಿತೆಂದು ಉಪೇಕ್ಷಿಸಿದರೆ ಮುಂದೆ ಪಕ್ಷಾಘಾತವಾಗಬಹುದು.

ಆದುದರಿಂದ ಇಂತಹ ಲಕ್ಷಣ ಒಮ್ಮೆ ಕಂಡರೂ ಅಂದೇ ವೈದ್ಯರನ್ನು ಕಾಣಿರಿ. ಕಣ್ಣಿನ ತಪಾಸಣೆಯೊಡನೆ ಸಂಪೂರ್ಣ ರಕ್ತಕಣ ಗಣನೆಯನ್ನೂ ಮಾಡಿಸಿರಿ. ಬಾಯಿ ಓರೆಯಾದರೆ, ಕೈ ಸೋತರೆ, ಮಾತು ತಡವರಿಸಿದರೆ ತಡಮಾಡದೆ 108ಕ್ಕೆ ಕರೆಮಾಡಿರಿ. ರೋಗ ದೃಢಪಟ್ಟವರಿಗೆ ರಕ್ತರೋಗತಜ್ಞರು ಅಲ್ಪಪ್ರಮಾಣದ ಆಸ್ಪಿರಿನ್ ಅಥವಾ ಹೈಡ್ರಾಕ್ಸಿಯೂರಿಯಾ ನೀಡುವುದುಂಟು. ಆಸ್ಪಿರಿನ್ನನ್ನು ಸ್ವಯಂ ಸೇವಿಸಬಾರದು. ಸಂಖ್ಯೆ 10 ಲಕ್ಷ ಮೀರಿದ ಕೆಲವರಲ್ಲಿ ರಕ್ತಸ್ರಾವವೇ ಉಂಟಾಗುತ್ತದೆ. ನಮ್ಮ ಕಷಾಯ, ಲೇಹ್ಯಗಳನ್ನು ನಂಬಿ ಆ ಔಷಧಗಳನ್ನು ನಿಲ್ಲಿಸಲೂಬಾರದು. ಆಯುರ್ವೇದ ವೈದ್ಯರಾಗಿಯೇ ಈ ಮಾತನ್ನು ಹೇಳುತ್ತಿದ್ದೇವೆ.

ಆ ತಾಯಿ ಈಗ ತಜ್ಞರ ಚಿಕಿತ್ಸೆಯಲ್ಲಿದ್ದಾರೆ. ಅಂಗೈಯ ಲಿಂಗ ಅವರಿಗೆ ಪೂರ್ಣವಾಗಿ ಕಾಣುತ್ತಿದೆ. ಲೋಪ ಅವರ ಪೂಜೆಯಲ್ಲಿರಲಿಲ್ಲ.